ಬೆಲ್‌ಗ್ರೇಡಿನ ಕ್ಯಾಸೆಟ್ಟೂ ಮೂಲ್ಕಿಯ ಕಾಗದವೂ

ನನಗೊಂದು ಅಭ್ಯಾಸವಿದೆ. ಹಾಡು ಮುಗಿದ ಮೇಲೂ ಕುಳಿತಲ್ಲಿಂದ ಏಳುವುದಿಲ್ಲ. ರೇಡಿಯೋ ಇರಲಿ, ಮದುವೆ ಮನೆಯ ಗಾಯನವಿರಲಿ, ಮೊಮ್ಮಗಳ ಮೊಬೈಲಿನಿಂದ ಹೊರಡುವ ಗದ್ದಲವಿರಲಿ, ಎಲ್ಲ ನಿಂತ ಮೇಲೂ ಅರ್ಧ ನಿಮಿಷ ಕಿವಿ ಕೊಟ್ಟುಕೊಂಡೇ ಇರುತ್ತೇನೆ. "ಮುಗೀತು ಮಾರಾಯ್ರೇ, ಏಳಿ. ಇನ್ನು ಅವರು ಕಾಫಿ ಕೊಡುವುದಿಲ್ಲ" ಎಂದು ನನ್ನ ಹೆಂಡತಿ ಸುಮತಿ ನಾಲ್ಕು ಜನರ ಎದುರು ಹೇಳಿ ನನ್ನ ಮಾನ ಕಳೆದದ್ದುಂಟು. ಕಾರಣ ಅವಳಿಗೂ ಗೊತ್ತು, ಆದರೂ ಹೇಳುತ್ತಾಳೆ. ನಿಮಗೆ ಗೊತ್ತಿಲ್ಲವಲ್ಲ, ಹಾಗಾಗಿ ಹೇಳುತ್ತೇನೆ. ಸ್ವಲ್ಪ ಸುತ್ತು ಬಳಸಿ ಹೋಗಬೇಕಾಗುತ್ತದೆ, ತಾಳ್ಮೆ ಇರಲಿ.

ಸಾವಿರದ ಒಂಬೈನೂರ ತೊಂಬತ್ತರಲ್ಲಿ ನಾನು ಕುವೈತಿನ ಸಬ್ಹಾನಿನಲ್ಲಿ ಒಂದು ಪೈಪ್ ಕಾರ್ಖಾನೆಯ ಸ್ಟೋರ್‌ಕೀಪರ್. ಊರಿನಲ್ಲಿ, ಅಂದರೆ ಮೂಲ್ಕಿಯಲ್ಲಿ, 'ವಾಸು ಫಾರಿನ್ನಲ್ಲಿ ಆಫೀಸರ್' ಎಂಬ ಸುದ್ದಿ ಇತ್ತು. ನಾನದನ್ನು ಅಲ್ಲಗಳೆಯಲು ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಕೆಲಸ ತಗಡಿನ ಶೆಡ್ಡಿನಲ್ಲಿ ಕುಳಿತು ವಾಲ್ವು, ಗ್ಯಾಸ್ಕೆಟ್ಟು, ನಟ್ಟು, ಬೋಲ್ಟು ಎಣಿಸುವುದು. ಆ ಶೆಡ್ಡಿಗೆ ದಿನಕ್ಕೆರಡು ಸಲ ಬಂದು, ಬೇಕಾದ್ದನ್ನು ಕೇಳಿ, ಬೇಡದ್ದನ್ನೂ ಮಾತಾಡಿ ಹೋಗುತ್ತಿದ್ದವನು ಮಿರ್ಕೊ. ಬೆಲ್‌ಗ್ರೇಡಿನವನು, ಸರ್ಬಿಯದ ಇಂಜಿನಿಯರ್. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಹಸಿ ಈರುಳ್ಳಿಯನ್ನು ಸೇಬಿನಂತೆ ಕಚ್ಚಿ ತಿನ್ನುವ ಹಲ್ಲು, ಮಾತು ಮಾತ್ರ ಮೆಲ್ಲಗೆ. ನಮ್ಮಿಬ್ಬರ ನಡುವಿನ ಭಾಷೆ ಇಂಗ್ಲಿಷು, ಇಬ್ಬರದ್ದೂ ಅಷ್ಟಕ್ಕಷ್ಟೆ. ಇಂಗ್ಲಿಷಿನಲ್ಲಿ ನೀನು-ನೀವು ಎಂಬ ಕಷ್ಟವಿಲ್ಲದ ಕಾರಣ ಇಂಜಿನಿಯರಿಗೂ ಸ್ಟೋರ್‌ಕೀಪರನಿಗೂ ಬೇಗ ಗೆಳೆತನವಾಯಿತು.

ಗೆಳೆತನಕ್ಕೆ ಕಾಫಿಯೂ ಕಾರಣ. ಅವನ ಕ್ಯಾಬಿನ್ನಿನಲ್ಲಿ ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆಯೊಂದಿತ್ತು. ಬೆಳಗಿನ ಹತ್ತು ಗಂಟೆಗೆ ಅದರಲ್ಲಿ ಕಾಫಿ ಉಕ್ಕಿಸುತ್ತಿದ್ದ. ಹಾಲಿಲ್ಲ, ಸೋಸುವುದೂ ಇಲ್ಲ. ಮೊದಲ ದಿನ ನಾನು ಮರ್ಯಾದೆ ಎಂದುಕೊಂಡು ಲೋಟದ ಬುಡದ ಚರಟವನ್ನೂ ಚಮಚದಲ್ಲಿ ಕೆರೆದು ತಿಂದೆ. ಮಿರ್ಕೊ ತಡೆಯಲಿಲ್ಲ. ಇಂಡಿಯದಲ್ಲಿ ಹೀಗೆಯೇ ಇರಬೇಕು ಎಂದುಕೊಂಡನಂತೆ. ಒಂದು ವಾರ ನಾನು ಹಾಗೆಯೇ ತಿಂದೆ.

ಅಂಥ ಒಂದು ಕಾಫಿಯ ಹೊತ್ತಿನಲ್ಲಿ ಅವನು ಆ ಕ್ಯಾಸೆಟ್ ಕೊಟ್ಟ. ಅವನ ತಮ್ಮ ಗೋರಾನ್ ಬೆಲ್‌ಗ್ರೇಡಿನ ಒಂದು ರಾಕ್ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ. ರಾಕ್ ಎಂದರೆ ಅದೂ ನೆಟ್ಟಗಿನ ರಾಕ್ ಅಲ್ಲ, 'ಆಲ್ಟರ್ನೇಟಿವ್' ಅಂತೆ. ಸ್ಟೋರ್‌ಕೀಪರನಿಗೆ ಆಲ್ಟರ್ನೇಟಿವ್ ಎಂದರೆ ಕೇಳಿದ ವಾಲ್ವ್ ಇಲ್ಲದಾಗ ಕೊಡುವ ಬೇರೆ ಕಂಪೆನಿಯ ವಾಲ್ವ್. ನಾನು ಹಾಗೆಂದಾಗ ಮಿರ್ಕೊ ಸ್ವಲ್ಪ ಯೋಚಿಸಿ, "ಹೆಚ್ಚುಕಡಿಮೆ ಸರಿ" ಎಂದ. ಬ್ಯಾಂಡಿನ ಹೆಸರನ್ನು ಹೇಳಲು ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ. ಅರ್ಥ ಮಾತ್ರ ಗೊತ್ತು, ಚಳಿಗಾಲದ ಕಲ್ಲಿದ್ದಲು ತುಂಬಿಡುವ ನೆಲಮನೆ. ಅಂಥದೇ ಒಂದು ನೆಲಮನೆಯಲ್ಲಿ ಆ ನಾಲ್ವರು ಅಭ್ಯಾಸ ಮಾಡುತ್ತಿದ್ದರಂತೆ. ಇದು ಅವರ ಮೂರನೆಯ ಆಲ್ಬಮ್, ಇನ್ನೂ ಅಂಗಡಿಗೆ ಬಂದಿರಲಿಲ್ಲ. ಸ್ಟುಡಿಯೋದಿಂದ ನೇರವಾಗಿ ಅಣ್ಣನಿಗಾಗಿ ಕಾಪಿ ಮಾಡಿ, ಮೇಲೆ ಹೆಸರೂ ಬರೆಯದೆ, ಕುವೈತಿಗೆ ಬರುವ ಯಾರದೋ ಕೈಯಲ್ಲಿ ಗೋರಾನ್ ಕಳಿಸಿದ್ದ. ಅದೇ ಅವರ ಕೊನೆಯ ಆಲ್ಬಮ್ ಆದೀತೆಂದು ಆಗ ಅವರಿಗೂ ಗೊತ್ತಿರಲಿಲ್ಲ.

"ಎರಡೂ ಬದಿ ಕೇಳು," ಎಂದ ಮಿರ್ಕೊ. "ಬಿ ಸೈಡಿನ ಕೊನೆಯ ಹಾಡು ಮುಗಿದ ಮೇಲೆ ಗೋರಾನ್ ನನಗೆ ಎರಡು ಮಾತು ಹೇಳಿದ್ದಾನೆ. ಅದು ಮಾತ್ರ ನಿನಗಲ್ಲ." ನಗುತ್ತಲೇ ಹೇಳಿದ. ನಾನು ಗಂಭೀರವಾಗಿ ತೆಗೆದುಕೊಂಡೆ. ಇನ್ನೊಬ್ಬರ ಕಾಗದ ಓದಬಾರದು ಎಂಬ ಸಂಸ್ಕಾರ ನನಗೂ ಉಂಟಲ್ಲ. ಹಾಗಾಗಿ ಕೊನೆಯ ಹಾಡಿನ ಕೊನೆಯ ಪೆಟ್ಟು ಬಿದ್ದ ಕೂಡಲೇ ಟಕ್ಕನೆ ಗುಂಡಿ ಒತ್ತಿಬಿಡುತ್ತಿದ್ದೆ. ಆ ಮಾತನ್ನು ನಾನು ಒಂದು ದಿನವೂ ಕೇಳಲಿಲ್ಲ.

ಈಗ ಆ ಆಲ್ಬಮ್ಮಿನ ಬಗ್ಗೆ ಹೇಳಬೇಕು. ಹೇಳುವ ಯೋಗ್ಯತೆ ನನಗಿಲ್ಲ. ನಾನು ಸಿನಿಮಾ ಹಾಡು, ಭಜನೆ, ಯಕ್ಷಗಾನ ಇಷ್ಟರಲ್ಲೇ ಬೆಳೆದವನು. ಮೊದಲ ಸಲ ಹಾಕಿದಾಗ ಹವಲ್ಲಿಯ ನಮ್ಮ ರೂಮಿನಲ್ಲಿದ್ದ ಶೇಖರಣ್ಣ, "ಎಂಥದು ವಾಸು, ಟೇಪಿನ ಮೋಟರು ಹಾಳಾಯ್ತಾ?" ಎಂದು ಕೇಳಿದ್ದ. ನನಗೂ ಹಾಗೆಯೇ ಅನಿಸಿತ್ತು. ಎರಡನೆಯ ಸಲ ಕೇಳುವಾಗ ಕೆಳಗಿನಿಂದ ಒಂದು ತಂತಿ ದಪ್ಪಗೆ ನಡೆಯುವುದು ಕಿವಿಗೆ ಬಿತ್ತು. ಗೋರಾನನದು. ಮೇಲೆ ಬೇರೆಯವರು ಏನೇ ಕುಣಿದಾಡಲಿ, ಅದು ಅವಸರ ಮಾಡದೆ, ಎಲ್ಲರನ್ನೂ ಮನೆ ಮುಟ್ಟಿಸುವವನ ಹಾಗೆ ನಡೆಯುತ್ತಿತ್ತು. ಒಮ್ಮೆ ಅದರ ಬೆನ್ನು ಹಿಡಿದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಕಾಣಿಸತೊಡಗಿತು.

ಒಟ್ಟು ಒಂಬತ್ತು ಹಾಡು. ನಾನು ಅವಕ್ಕೆ ನನ್ನದೇ ಹೆಸರಿಟ್ಟಿದ್ದೆ. ಮಿರ್ಕೊ ಅರ್ಥ ಹೇಳಿದ ಮೇಲೆ ಟ್ರಾಮ್ ಹಾಡು, ಅಜ್ಜಿಯ ಕೋಟಿನ ಹಾಡು, ಬಿಸಿಯಾಗದ ರೇಡಿಯೇಟರಿನ ಹಾಡು, ಹೀಗೆ. ಪ್ರೀತಿ ಪ್ರೇಮದ್ದು ಒಂದೂ ಇರಲಿಲ್ಲ. ಒಂದು ಊರಿನಲ್ಲಿ ಜನ ಬೆಳಿಗ್ಗೆ ಎದ್ದು ಏನೇನು ಮಾಡುತ್ತಾರೋ ಅಷ್ಟೆ. ಹಾಡುವವನು ಕಿರುಚುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತು ಪಕ್ಕದ ಮನೆಯವನೊಡನೆ ಮಾತಾಡುವಂತೆ ಹಾಡುತ್ತಿದ್ದ, ಐದನೆಯ ಹಾಡಿನಲ್ಲಿ ಮಾತ್ರ ಒಂದು ಕಡೆ ತಡೆಯಲಾರದೆ ಕೂಗುತ್ತಿದ್ದ. ಏಳನೆಯ ಹಾಡಿನ ನಡುವೆ ನಾಲ್ವರೂ ಒಟ್ಟಿಗೆ ನಿಲ್ಲಿಸಿಬಿಡುತ್ತಾರೆ. ನಾಲ್ಕು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ನಾಲ್ವರೂ ಒಟ್ಟಿಗೆ ಹಿಡಿಯುತ್ತಾರೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ನಿಲ್ಲಿಸುವುದಕ್ಕೂ ಅಷ್ಟು ಸಾಧನೆ ಬೇಕೆಂದು ನನಗೆ ತಿಳಿದದ್ದು ಅಲ್ಲಿ. ಬಹಳ ದೊಡ್ಡ ಆಲ್ಬಮ್ ಅದು. ಒಂದು ಪದವೂ ಅರ್ಥವಾಗದೆ ಅದನ್ನು ಪ್ರೀತಿಸಿದ ನನ್ನ ಮಾತಿಗೆ ಬೆಲೆ ಇದ್ದರೆ ನಂಬಿ.

ನಮ್ಮ ಓಣಿಯಲ್ಲಿ ಮೊದಲ ಟೇಪ್ ರೆಕಾರ್ಡರ್ ಬಂದದ್ದು ನಾನು ಏಳು ವರ್ಷದವನಿದ್ದಾಗ, ಬೊಂಬಾಯಿಂದ ಬಂದ ಪಕ್ಕದ ಮನೆಯ ಮಾವನ ಜೊತೆ. ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಒಬ್ಬೊಬ್ಬರಿಂದ ಮಗ್ಗಿ ಹೇಳಿಸಿ, ತಿರುಗಿಸಿ ಕೇಳಿಸಿದರು. ನನ್ನ ಸ್ವರ ಬಂದಾಗ ನಾನು ಜೋರಾಗಿ ಅತ್ತೆ. ಅದು ನನ್ನ ಸ್ವರವಲ್ಲ, ಯಾರೋ ನನ್ನ ಮಗ್ಗಿಯನ್ನು ಕದ್ದು ಹೇಳುತ್ತಿದ್ದಾರೆ ಎಂದು. ಅಮ್ಮ ಬಂದು ಎತ್ತಿಕೊಂಡು, "ಇದು ನಿನ್ನದೇ ಮಗ, ಏಳೇಳಲಿ ತಪ್ಪಿದ್ದೂ ನಿನ್ನದೇ" ಎಂದಳು. ಅಂದಿನಿಂದ ಅಮ್ಮನಿಗೆ ಆ ಯಂತ್ರದ ಮೇಲೆ ದೇವರಷ್ಟು ನಂಬಿಕೆ. ಕಾಗದದಲ್ಲಿ ಸುಳ್ಳು ಬರೆಯಬಹುದು, ಸ್ವರದಲ್ಲಿ ಆಗುವುದಿಲ್ಲ ಎನ್ನುತ್ತಿದ್ದಳು.

ಓದು ಬರಹ ಬಾರದ ಅಂಥ ಅಮ್ಮಂದಿರಿಗಾಗಿಯೇ ಗಲ್ಫಿನಲ್ಲಿ ನಾವು ಕ್ಯಾಸೆಟ್ ಕಾಗದ ಕಳಿಸುತ್ತಿದ್ದೆವು. ಈಗಿನವರಿಗೆ ಇದನ್ನು ವಿವರಿಸಬೇಕು. ಶುಕ್ರವಾರ ರಜೆ. ಟು-ಇನ್-ವನ್ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು, ಗಂಟಲು ಸರಿಮಾಡಿ, ರೆಕಾರ್ಡ್ ಗುಂಡಿ ಒತ್ತಿ, 'ಹಲೋ ಅಪ್ಪೆ, ಎಂಚ ಉಲ್ಲ?' ಎಂದು ಆರಂಭ. ತುಳುವಿನಲ್ಲಿ ನಾವು ಅಮ್ಮನಿಗೆ ಅಪ್ಪೆ ಅನ್ನುವುದು, ಎಂಚ ಉಲ್ಲ ಎಂದರೆ ಹೇಗಿದ್ದೀ. ನಾನು ಕ್ಷೇಮ, ಬಿಸಿಲು ಜೋರು, ಮೀನು ಸಿಗುತ್ತದೆ ಆದರೆ ನಮ್ಮ ರುಚಿ ಇಲ್ಲ, ಇತ್ಯಾದಿ. ನಮ್ಮದು ಮುಗಿದ ಮೇಲೆ ರೂಮಿನವರೂ ಎರಡೆರಡು ಮಾತು ಹೇಳುವುದು ಕ್ರಮ, 'ನಿಮ್ಮ ಮಗನನ್ನು ನಾವು ನೋಡಿಕೊಳ್ತೇವೆ, ಹೆದರಬೇಡಿ' ಎಂದು. ಧೈರ್ಯವಿದ್ದವರು ಕಂಪೆನಿಯ ಸಾಹೇಬನಿಂದಲೂ ಒಂದು ಮಾತು ಹೇಳಿಸುತ್ತಿದ್ದರು, ಅವನ ಭಾಷೆಯಲ್ಲೇ. ಅದು ಊರಿನಲ್ಲಿ ಅರ್ಥವಾಗುತ್ತಿರಲಿಲ್ಲ, ಆದರೆ ಸಾಹೇಬನೇ ಮಾತಾಡಿದ್ದಾನೆ ಎಂದ ಮೇಲೆ ಹುಡುಗ ಕ್ಷೇಮ ಎಂದೇ ಲೆಕ್ಕ. ಆಮೇಲೆ ಊರಿಗೆ ಹೋಗುವ ಯಾರದೋ ಪೆಟ್ಟಿಗೆಯಲ್ಲಿ ಕ್ಯಾಸೆಟ್ಟನ್ನು ತುರುಕುವುದು. ಅಲ್ಲಿಂದ ಮರಳಿ ಬಂದ ಕ್ಯಾಸೆಟ್ಟಿನ ಮೇಲೆಯೇ ಮುಂದಿನ ಕಾಗದ.

ಜುಲೈಯಲ್ಲಿ ಶೇಖರಣ್ಣ ಎರಡು ತಿಂಗಳ ರಜೆಗೆ ಊರಿಗೆ ಹೊರಟ. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ, "ವಾಸು, ಯಲ್ಲಾ, ಟ್ಯಾಕ್ಸಿ ಬಂತು. ನಿನ್ನ ಅಮ್ಮನ ಪುರಾಣ ಬೇಗ ಮುಗಿಸು" ಎಂದು ಅವಸರ ಮಾಡಿದ. ನಮ್ಮ ರೂಮಿನಲ್ಲೊಂದು ನಿಯಮವಿತ್ತು: ಹೆಸರು ಬರೆಯದ ಕ್ಯಾಸೆಟ್ ಎಂದರೆ ಖಾಲಿ. ನಾನು ಕೈಗೆ ಸಿಕ್ಕಿದ್ದನ್ನು ಹಾಕಿ ಇಪ್ಪತ್ತು ನಿಮಿಷ ಮಾತಾಡಿದೆ. ಆ ಸಲ ಮಾತೂ ಚೆನ್ನಾಗಿ ಬಂತು. ಸುಮತಿಗೂ ಒಂದು ನಾಚಿಕೆಯ ವಾಕ್ಯ ಸೇರಿಸಿದೆ. ಕ್ಯಾಸೆಟ್ ಹೋಯಿತು, ಶೇಖರಣ್ಣ ಹೋದ, ವಿಮಾನ ಹೋಯಿತು. ಮರುದಿನ ಮಧ್ಯಾಹ್ನ ಊಟದ ನಂತರ ಟ್ರಾಮ್ ಹಾಡು ಕೇಳೋಣವೆಂದು ಮಿರ್ಕೊನ ಕ್ಯಾಸೆಟ್ ಹಾಕಿದರೆ ಬರೀ ಸ್‌ಸ್‌ಸ್ ಎಂಬ ಸದ್ದು. ತಿರುಗಿಸಿ ಹಾಕಿದೆ. ಅಲ್ಲೂ ಅದೇ. ಖಾಲಿ ಕ್ಯಾಸೆಟ್ ನನ್ನ ಬಳಿ ಉಳಿದಿತ್ತು. ಬೆಲ್‌ಗ್ರೇಡ್ ಮೂಲ್ಕಿಗೆ ಹೋಗಿತ್ತು.

ಎ ಸೈಡಿನ ನಾಲ್ಕು ಹಾಡುಗಳನ್ನು ನಾನೇ ನನ್ನ ಬಾಯಿಂದ ಅಳಿಸಿದ್ದೆ. ಬಿ ಸೈಡಾದರೂ ಇದೆಯಲ್ಲ, ಗೋರಾನನ ಮಾತು ಅಲ್ಲಿದೆಯಲ್ಲ ಎಂಬುದೊಂದೇ ಸಮಾಧಾನ. ಸೆಪ್ಟೆಂಬರಿನಲ್ಲಿ ಶೇಖರಣ್ಣ ವಾಪಸು ತರಲಿ, ಆಗ ಮಿರ್ಕೊನ ಕಾಲಿಗೆ ಬೀಳೋಣ ಎಂದುಕೊಂಡೆ. ಅಲ್ಲಿಯವರೆಗೆ? ಮಿರ್ಕೊ ಕೇಳಿದಾಗ, "ಅಹ್ಮದಿಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ಅವನಿಗೂ ಬಹಳ ಇಷ್ಟವಾಯಿತು, ಕಾಪಿ ಮಾಡಿಕೊಳ್ಳಲು ಒಯ್ದಿದ್ದಾನೆ" ಎಂದೆ. ಮಿರ್ಕೊ ಬೈಯುತ್ತಾನೆ ಎಂದುಕೊಂಡರೆ ಅವನ ಮುಖ ಅರಳಿತು. "ಅಹ್ಮದಿಯಲ್ಲಿಯೂ ಕೇಳುತ್ತಾರಾ!" ಎಂದವನೇ ಆ ವಾರ ತಮ್ಮನಿಗೆ ಫೋನು ಮಾಡಿ ಹೇಳಿದ. ಅಹ್ಮದಿಯ ಅಭಿಮಾನಿಗಳ ಆರೋಗ್ಯಕ್ಕಾಗಿ ಆ ನಾಲ್ವರು ನೆಲಮನೆಯಲ್ಲಿ ಗ್ಲಾಸು ಎತ್ತಿದರಂತೆ. ಅದನ್ನು ಕೇಳಿ ನನಗೆ ಆ ದಿನದ ಕಾಫಿ ಇಳಿಯಲಿಲ್ಲ.

ಆಗಸ್ಟ್ ಎರಡು, ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಹವಲ್ಲಿಯ ರಸ್ತೆಯಲ್ಲಿ ಗಡಿ ದಾಟಿ ಬಂದ ಪಕ್ಕದ ದೇಶದ ಟ್ಯಾಂಕುಗಳು. ಆ ದಿನಗಳ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಿದವರಿದ್ದಾರೆ, ನಾನು ಹೇಳಹೊರಟರೆ ಶೌರ್ಯವೆಲ್ಲ ನನ್ನದೇ ಆಗಿಬಿಡುತ್ತದೆ. ನಾನು ಮಾಡಿದ್ದು ಬೇಕರಿಯ ಎದುರು ಖುಬ್ಬೂಸ್ ರೊಟ್ಟಿಗೆ ಸಾಲು ನಿಂತದ್ದು ಮತ್ತು ಹೆದರಿದ್ದು, ಎರಡೇ. ಎರಡು ಬೀದಿಯಾಚೆ ಇದ್ದ ಮಿರ್ಕೊ ಅದೇ ಸಾಲಿನಲ್ಲಿ ಸಿಗುತ್ತಿದ್ದ. ಫೋನಿಲ್ಲ, ಕಾರ್ಖಾನೆಯಿಲ್ಲ. ಸಬ್ಹಾನಿನ ಯಂತ್ರಗಳನ್ನೆಲ್ಲ ಲಾರಿಗೆ ಏರಿಸಿಕೊಂಡು ಹೋದರಂತೆ ಎಂಬ ಸುದ್ದಿಯನ್ನೂ ಅವನೇ ಹೇಳಿದ. ತಿಂಗಳ ಕೊನೆಗೆ ಅವನ ದೇಶದವರಿಗೆ ಹೊರಡಲು ದಾರಿಯಾಯಿತು. ಹೊರಡುವ ಬೆಳಿಗ್ಗೆ ನಮ್ಮ ಕಟ್ಟಡದ ಕೆಳಗೆ ಬಂದು ನಿಂತ.

"ಕ್ಯಾಸೆಟ್ ಸುರಕ್ಷಿತವಾಗಿದೆಯಾ?" ಎಂದು ಕೇಳಿದ.

"ಸುರಕ್ಷಿತವಾಗಿದೆ" ಎಂದೆ.

ಸುಳ್ಳಲ್ಲ. ಕುವೈತಿನಲ್ಲಿ ಯಾವುದೂ ಸುರಕ್ಷಿತವಲ್ಲದ ಆ ದಿನಗಳಲ್ಲಿ ನಿಜವಾಗಿ ಸುರಕ್ಷಿತವಾಗಿದ್ದದ್ದು ಅದೊಂದೇ. ಆದರೂ ಹೇಳಬೇಕಾದ್ದನ್ನು ಹೇಳದೆ ಕೈ ಕುಲುಕಿದ್ದಕ್ಕೆ ನನ್ನ ಮೇಲೆಯೇ ನನಗೆ ಅಸಹ್ಯವಾಯಿತು. "ಹಾಡು ಹೇಗೂ ಊರಲ್ಲಿ ಸಿಗುತ್ತದೆ," ಎಂದ ಮಿರ್ಕೊ. "ಗೋರಾನನ ಮಾತು ಬೇರೆಲ್ಲೂ ಇಲ್ಲ. ಅವನು ಹಾಡುವುದಿಲ್ಲ, ಫೋಟೋಕ್ಕೂ ನಿಲ್ಲುವುದಿಲ್ಲ. ಅದನ್ನು ಮಾತ್ರ ನೋಡಿಕೋ." ನಾನು ತಲೆ ಅಲ್ಲಾಡಿಸಿದೆ.

ನಾನು ಬಸ್ರಾ, ಬಾಗ್ದಾದ್, ಅಮ್ಮಾನ್ ಎಂದು ಬಸ್ಸುಗಳಲ್ಲಿ ಉರುಳಿ, ಮರುಭೂಮಿಯ ಡೇರೆಯಲ್ಲಿ ಹನ್ನೊಂದು ದಿನ ಕಳೆದು ಬೊಂಬಾಯಿ ಮುಟ್ಟಿದಾಗ ಅಕ್ಟೋಬರ್. ಡೇರೆಯಲ್ಲಿ ನೀರಿಗೆ ಸಾಲು ನಿಂತಾಗಲೆಲ್ಲ ಟ್ರಾಮ್ ಹಾಡನ್ನು ಗುನುಗುತ್ತಿದ್ದೆ. ಅಳಿಸಿದ ಪಾಪಕ್ಕೆ ಪ್ರಾಯಶ್ಚಿತ್ತ ಎಂದೇ ಇಟ್ಟುಕೊಳ್ಳಿ. ಮೂಲ್ಕಿಯ ಮನೆಯಂಗಳಕ್ಕೆ ಕಾಲಿಟ್ಟಾಗ ಅಮ್ಮ ಅಳಲಿಲ್ಲ. ಮೈ ಮುಟ್ಟಿ ನೋಡಿ, "ಬಂದ್ಯಾ? ನಿನ್ನ ದೊರೆ ಸತ್ಯವಂತ" ಎಂದಳು.

ಯಾವ ದೊರೆ? ನನಗೆ ತಲೆಬುಡ ತಿಳಿಯಲಿಲ್ಲ. ಊಟಕ್ಕೆ ಕುಳಿತಾಗ ಸುಮತಿ ಬಿಡಿಸಿ ಹೇಳಿದಳು. ಶೇಖರಣ್ಣ ತಂದ ಕ್ಯಾಸೆಟ್ ಹಾಕಿ ಎಲ್ಲರೂ ಸುತ್ತ ಕುಳಿತರಂತೆ. "ನೀವು 'ಇನ್ನು ನಿಲ್ಲಿಸುತ್ತೇನೆ' ಅಂದದ್ದೇ ತಡ, ಯಾರೋ ಕುತ್ತಿಗೆ ಹಿಸುಕಿದ ಹಾಗೆ ಕೂಗಿದ. ನಾನು ಹೆದರಿ ಎದ್ದೇಬಿಟ್ಟೆ," ಎಂದಳು. ಅಳಿಸದೆ ಉಳಿದ ಐದನೆಯ ಹಾಡಿನ ಕೂಗು ಅದು. ಆಫ್ ಮಾಡಲು ಹೊರಟವಳನ್ನು ಅಮ್ಮ ತಡೆದಳು. ಕೊನೆಯಲ್ಲಿ ಮಗ ಮತ್ತೆ ಮಾತಾಡಿದರೆ? ಹಾಗೆಂದು ಉಳಿದ ಅಷ್ಟೂ ಹಾಡನ್ನು, ಕ್ಯಾಸೆಟ್ ತಿರುಗಿಸಿ ಇಡೀ ಬಿ ಸೈಡನ್ನು, ಅಮ್ಮ ಗೋಡೆಗೆ ಒರಗಿ ಕುಳಿತು ಕೇಳಿದಳು. ಡ್ರಮ್ ಹೊಡೆಯುವವನ ಬಗ್ಗೆ, "ಇವನು ಸರಿಯಾಗಿ ಊಟ ಮಾಡಿದವನು" ಎಂದು ಮೆಚ್ಚಿದಳಂತೆ. ಕಟ್ಟಕಡೆಗೆ ಹಾಡೆಲ್ಲ ಮುಗಿದು ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಬ್ಬ ಗಂಡಸು ಮಾತಾಡಿದ.

ಅಮ್ಮನಿಗೆ ಅನುಮಾನವೇ ಹುಟ್ಟಲಿಲ್ಲ. ಮಗನ ಮಾತು, ಪದ್ಯ, ಕೊನೆಗೆ ಕಂಪೆನಿಯ ಸಾಹೇಬನ ಮಾತು. ಎಲ್ಲ ಕ್ರಮಪ್ರಕಾರವೇ ಇದೆ.

ಅದಾಗಿ ಹದಿನೈದು ದಿನಕ್ಕೆ ಕುವೈತಿನ ಸುದ್ದಿ ರೇಡಿಯೋದಲ್ಲಿ ಬಂತು. ಫೋನಿಲ್ಲ, ಕಾಗದವಿಲ್ಲ, ನಾನು ಬದುಕಿದ್ದೇನೋ ಇಲ್ಲವೋ ಎಂದು ಹೇಳುವವರಿಲ್ಲ. ಸುಮತಿ ಊಟ ಬಿಟ್ಟಳು. ಆಗ ಅಮ್ಮ ದಿನಾ ಸಂಜೆ ದೇವರಿಗೆ ದೀಪ ಇಟ್ಟು ಬಂದು ಕ್ಯಾಸೆಟ್ಟಿನ ಆ ಕೊನೆಯ ತುಂಡನ್ನು ಹಾಕಿಸುತ್ತಿದ್ದಳು. "ಕೇಳು, ಅವನ ಸ್ವರ ಕೇಳು. ನಡುವೆ ನಗಾಡಿದ್ದಾನೆ. ಸುಳ್ಳು ಹೇಳುವವನು ಹಾಗೆ ನಗಾಡ್ಲಿಕ್ಕೆ ಆಗುವುದಿಲ್ಲ. 'ನಿಮ್ಮ ಮಗನನ್ನು ನಾನು ನೋಡಿಕೊಳ್ತೇನೆ' ಅಂತಿದ್ದಾನೆ. ನೀನು ಬಡಿಸಿಕೋ." ಸುಮತಿ ಬಡಿಸಿಕೊಳ್ಳುತ್ತಿದ್ದಳು. ಎರಡು ತಿಂಗಳು ನಮ್ಮ ಮನೆ ನಡೆದದ್ದು ಗೋರಾನನ ಅರ್ಧ ನಿಮಿಷದ ಮೇಲೆ.

ಸುಮತಿ ಎದ್ದು ಹೋಗಿ ಕ್ಯಾಸೆಟ್ ತಂದು ನನ್ನ ಎದುರು ಇಟ್ಟಳು. ದಿನಾ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ, ಸೆಪ್ಟೆಂಬರಿನ ಕೊನೆಯ ಒಂದು ಸಂಜೆ ಟೇಪು ಯಂತ್ರದೊಳಗೆ ಸಿಕ್ಕಿಕೊಂಡಿತ್ತು. ಅವಳು ಎಳೆದು ಬಿಡಿಸಿ, ಪೆನ್ಸಿಲಿನಿಂದ ಸುತ್ತಿ, ನಜ್ಜುಗುಜ್ಜಾದ ಮೂರು ಮೊಳದಷ್ಟನ್ನು ಬ್ಲೇಡಿನಿಂದ ಕತ್ತರಿಸಿ, ಉಳಿದದ್ದಕ್ಕೆ ಗಮ್ ಟೇಪ್ ಅಂಟಿಸಿದ್ದಳು. ಹಾಕಿ ನೋಡಿದೆ. ಕೊನೆಯ ಹಾಡು ಮುಗಿಯಿತು, ಟಪ್ ಎಂದಿತು, 'ಸೆ' ಎಂಬ ಒಂದು ಅಕ್ಷರ ಕೇಳಿತು, ಮುಗಿಯಿತು. ಜೀವಮಾನದಲ್ಲಿ ಒಂದು ಸಲವೂ ನಾನು ಕೇಳಿರದ ಆ ಮಾತು ಹೋಗಿಬಿಟ್ಟಿತ್ತು. ಸುಮತಿ ತಲೆ ಎತ್ತಲಿಲ್ಲ. ಅವಳನ್ನು ಏನೆಂದು ಬೈಯಲಿ?

ಆ ದಿನವೇ ನಾನು ಇಬ್ಬರಿಗೂ ಎಲ್ಲವನ್ನೂ ಹೇಳಿದೆ. ಅದು ನನ್ನ ಸಾಹೇಬನಲ್ಲ, ನನ್ನ ಗೆಳೆಯನ ತಮ್ಮ, ಅಣ್ಣನಿಗಾಗಿ ಆಡಿದ ಮಾತು ಅದು ಎಂದು. ಅಮ್ಮ ಎದ್ದು ಹಿತ್ತಲಿಗೆ ಹೋದಳು. ಸಂಜೆ ಹಿತ್ತಲಿನಿಂದ ಬಂದವಳೇ, "ಹಾಗಾದರೆ ಅದು ಇನ್ನೊಬ್ಬರ ಕಾಗದ. ನಾವು ಒಡೆದು ಓದಿದ್ದು," ಎಂದಳು. ನಾನು ಹೌದು ಎಂದೆ. "ಕಾಗದ ಅವನಿಗೆ ಮುಟ್ಟಬೇಕು."

"ಎಲ್ಲಿಂದ ಮುಟ್ಟಿಸುವುದು ಅಮ್ಮ? ಹೋಯ್ತಲ್ಲ."

"ಎಲ್ಲಿಗೆ ಹೋಗುತ್ತದೆ?" ಎಂದು ಅಮ್ಮ ಗೋಡೆಗೆ ಒರಗಿ ಕುಳಿತು ಹೇಳಲು ತೊಡಗಿದಳು.

ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಹುಡುಗಿಯಾಗಿದ್ದಾಗ ಭತ್ತದ ನೇಜಿ ನೆಡುವ ಸಾಲಿನಲ್ಲಿ ಮುಂದೆ ನಿಂತು ಪಾಡ್ದನದ ಕಥೆಹಾಡು ಹೇಳಿದವಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಮುಗಿಯದ ಕಥೆಗಳನ್ನು ಎರಡು ಸಲ ಕೇಳಿ ಬಾಯಿಗೆ ತೆಗೆದುಕೊಳ್ಳುತ್ತಿದ್ದ ತಲೆ ಅದು. ಅದರಲ್ಲಿ ಅರ್ಧ ನಿಮಿಷದ ಮಾತು, ಅರವತ್ತು ಸಂಜೆ ಕೇಳಿದ್ದು. ಒಂದು ಪದವೂ ಗೊತ್ತಿಲ್ಲದೆ, ತುಳುವಿನ ನಾಲಿಗೆಯಲ್ಲಿ, ಅವನು ಕೆಮ್ಮಿದಲ್ಲಿ ಕೆಮ್ಮಿ, ನಕ್ಕಲ್ಲಿ ನಕ್ಕು, ಅಮ್ಮ ಇಡೀ ಮಾತನ್ನು ಹೇಳಿ ಮುಗಿಸಿದಳು. ನಾನೂ ಸುಮತಿಯೂ ಬಾಯಿ ತೆರೆದು ಕುಳಿತಿದ್ದೆವು.

ಒಂದು ವರ್ಷ ನಾನು ಊರಲ್ಲಿದ್ದೆ. ಆಗಾಗ ಅಮ್ಮನಿಂದ ಅದನ್ನು ಹೇಳಿಸಿ ಕಲಿಯಲು ನೋಡಿದೆ. "ಹಾಗಲ್ಲ, ಅಲ್ಲಿ ಸ್ವಲ್ಪ ತಡೆದು ನಗಾಡಿದ್ದಾನೆ. ನೀನು ಸರಕು ಎಣಿಸಿದ ಹಾಗೆ ಹೇಳ್ತೀ," ಎಂದು ಪ್ರತಿ ಸಲವೂ ಬೈದಳು. ತೊಂಬತ್ತೊಂದರ ಅಕ್ಟೋಬರಿನಲ್ಲಿ ಕಂಪೆನಿಯಿಂದ ಕರೆ ಬಂದು ನಾನು ಮತ್ತೆ ಕುವೈತಿಗೆ ಹೊರಟಾಗ ಅಮ್ಮನಿಗೆ ನನ್ನ ಮೇಲೆ ಭರವಸೆ ಇರಲಿಲ್ಲ. ಹೊಸ ಕ್ಯಾಸೆಟ್ ತರಿಸಿ, ಎದುರು ಕುಳಿತು, ತಾನೇ ಹೇಳಿ, ರೆಕಾರ್ಡ್ ಮಾಡಿಸಿ ಕೊಟ್ಟಳು.

ಕುವೈತ್ ಗುರುತು ಸಿಗುತ್ತಿರಲಿಲ್ಲ. ಎಣ್ಣೆಬಾವಿಗಳ ಬೆಂಕಿ ಹೆಚ್ಚುಕಡಿಮೆ ಆರಿದೆ ಎನ್ನುತ್ತಿದ್ದರು, ಆದರೆ ಬೆರಳಿಟ್ಟಲ್ಲೆಲ್ಲ ಜಿಡ್ಡು ಮಸಿ. ನನ್ನ ಸ್ಟೋರಿನಲ್ಲಿ ಎಣಿಸಲು ಒಂದು ಬೋಲ್ಟೂ ಉಳಿದಿರಲಿಲ್ಲ. ಮಿರ್ಕೊ ನನಗಿಂತ ಎರಡು ತಿಂಗಳು ಮೊದಲೇ ಬಂದಿದ್ದ. ಗಡ್ಡ ಬಿಟ್ಟಿದ್ದ, ಬಟ್ಟೆ ಜೋಲುತ್ತಿತ್ತು. ಈ ಸಲ ಯುದ್ಧ ಅವನ ಊರಿನ ಕಡೆ ಹೋಗಿತ್ತು. ಅವನ ದೇಶ ತುಂಡಾಗುತ್ತಿತ್ತು. ಗೋರಾನನಿಗೆ ಸೈನ್ಯಕ್ಕೆ ಬಾ ಎಂದು ಕಾಗದ ಬಂದ ಮರುದಿನದಿಂದ ಅವನು ಮನೆಯಲ್ಲಿಲ್ಲ. ಓಡಿಹೋದನೋ, ಹಿಡಿದು ಒಯ್ದರೋ, ಯಾರಿಗೂ ತಿಳಿಯದು. ಡ್ರಮ್ಮಿನವನು ಬೇರೆ ಗಡಿಯ ಆಚೆ, ಹಾಡುವವನು ಇನ್ನೆಲ್ಲೋ. ಬ್ಯಾಂಡ್ ಖಲಾಸ್ ಎಂದ ಮಿರ್ಕೊ. ಗೋರಾನ್ ಯಾವುದೋ ಚಳಿದೇಶದ ಹೋಟೆಲಿನ ಅಡುಗೆಮನೆಯಿಂದ ಫೋನು ಮಾಡಿದ್ದು ಮರುವರ್ಷ. ಆ ದಿನ ಅದು ನಮಗೆ ಗೊತ್ತಿರಲಿಲ್ಲ.

"ಕ್ಯಾಸೆಟ್?" ಎಂದು ಕೇಳಿದ.

ಬೆಳಗಿನ ಹತ್ತು ಗಂಟೆ. ಅವನ ಕ್ಯಾಬಿನ್ನಿನಲ್ಲಿ ಕಿಟಕಿಗೆ ಗಾಜಿರಲಿಲ್ಲ. ನಾನು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು, ಕೂರದೆ ನಿಂತುಕೊಂಡೇ, ಆರಂಭದಿಂದ ಎಲ್ಲವನ್ನೂ ಹೇಳಿದೆ. ಅವನು ನಡುವೆ ಒಂದೇ ಪ್ರಶ್ನೆ ಕೇಳಿದ.

"ಅಹ್ಮದಿಯ ಗೆಳೆಯ?"

"ಅಹ್ಮದಿಯಲ್ಲಿ ಯಾರೂ ಇಲ್ಲ."

ಮಿರ್ಕೊ ಕ್ಯಾಸೆಟ್ಟನ್ನು ತನ್ನ ಟೇಪಿಗೆ ಹಾಕಿ ಬಿ ಸೈಡನ್ನು ಆರಂಭದಿಂದ ಕೇಳಿದ. ಏಳನೆಯ ಹಾಡಿನಲ್ಲಿ ನಾಲ್ವರೂ ನಿಲ್ಲುವ ಜಾಗದಲ್ಲಿ ಅವನ ಬೆರಳು ಮೇಜಿನ ಮೇಲೆ ನಾಲ್ಕು ಎಣಿಸಿತು. ಕೊನೆಯ ಹಾಡು ಮುಗಿಯಿತು. ಟಪ್. 'ಸೆ.' ಅವನು ಎದ್ದು ಹೊರಗೆ ಹೋದ. ಅಂಗಳದಲ್ಲಿದ್ದ ಖಾಲಿ ಡ್ರಮ್ಮೊಂದನ್ನು ಒದ್ದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಬಾಗಿಲಲ್ಲಿ ನಿಂತು, "ಒಂದು ವರ್ಷ ಹೇಳಲಿಲ್ಲ ನೀನು. ಸುರಕ್ಷಿತ ಅಂದೆ. ನಾನು ನಂಬಿದೆ," ಎಂದ. ಜೋರು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು.

ನಾನು ಅಮ್ಮನ ಕ್ಯಾಸೆಟ್ ತೆಗೆದೆ. ಬೇಡ, ಸಾಕು ಎಂದು ಕೈ ಅಲ್ಲಾಡಿಸಿದ. ನಾನು ಕೇಳಲಿಲ್ಲ. ಹಾಕಿದೆ.

ಅಮ್ಮ ಗಂಟಲು ಸರಿಮಾಡಿದಳು. ಹಿಂದೆ ಎಲ್ಲೋ ಒಂದು ಕಾಗೆ. ಆಮೇಲೆ 'ಬ್ರಾತೆ ಮಿರ್ಕೊ' ಎಂದು ಆರಂಭಿಸಿದಳು.

ಮಿರ್ಕೊ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಅಮ್ಮ ಕೆಮ್ಮಿದಳು, ಮುಂದೆ ಹೇಳಿದಳು, ಒಂದು ಕಡೆ ತಡೆದು ಮೂಗಿನಿಂದ ಸಣ್ಣಗೆ ನಕ್ಕಳು. ಆ ನಗು ಕೇಳಿದ್ದೇ ಅವನು ಕುರ್ಚಿಗೆ ಕುಸಿದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. 'ಯಾವಿ ಸೆ' ಎಂದು ಮಾತು ಮುಗಿಯಿತು. ಅವನೇ ಕೈ ಚಾಚಿ ಹಿಂದಕ್ಕೆ ತಿರುಗಿಸಿದ. ಮೂರು ಸಲ ಕೇಳಿದ. ಮೂರನೆಯ ಸಲ ಅಮ್ಮನ ಜೊತೆಗೆ ಅವನ ತುಟಿಯೂ ಅಲ್ಲಾಡುತ್ತಿತ್ತು.

"ಏನು ಹೇಳಿದ್ದಾನೆ?" ಎಂದು ಕೇಳುವ ಧೈರ್ಯ ಹೇಗೆ ಬಂತೋ.

"ಅಣ್ಣಾ ಮಿರ್ಕೊ, ಮೂರನೆಯ ಹಾಡಿನಲ್ಲಿ ಡ್ರಮ್ ಜೋರಾಯಿತು, ಹೊಡೆಯುವವನಿಗೆ ಹೇಳಬೇಡ, ಬೇಸರ ಮಾಡಿಕೊಳ್ಳುತ್ತಾನೆ. ಅಲ್ಲಿ ಗೋರಾನ್ ನಗುತ್ತಾನೆ. ನೀನು ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ ಎಂದು ತಾಯಿ ಕೇಳುತ್ತಾಳೆ. ಸುದ್ದಿ ತಿಳಿಸು. ಅಷ್ಟೆ." ಮಿರ್ಕೊ ಕಣ್ಣು ಒರೆಸಿಕೊಂಡ. "ಕೊನೆಯಲ್ಲಿ ಇನ್ನೂ ಏನೋ ಹೇಳಿದರಲ್ಲ ನಿನ್ನ ಅಮ್ಮ? ಅದು ಗೋರಾನನದಲ್ಲ."

ಹೌದು, ರೆಕಾರ್ಡ್ ಗುಂಡಿ ಬಿಡುವ ಮೊದಲು ಅಮ್ಮ ತನ್ನದೂ ಒಂದು ಮಾತು ಸೇರಿಸಿದ್ದಳು. 'ಒಣಸ್ ಆಂಡಾ ಮಗಾ?' ಎಂದು.

"ಊಟ ಆಯ್ತಾ ಮಗ ಅಂತ ಕೇಳುತ್ತಿದ್ದಾಳೆ," ಎಂದೆ.

ಮಿರ್ಕೊ ಕಿಟಕಿಯ ಕಡೆ ತಿರುಗಿ, "ಇಲ್ಲ ಅಂತ ಹೇಳು," ಎಂದ. "ನಿನ್ನೆಯಿಂದ ಇಲ್ಲ."

"ನೀನೇ ಹೇಳು."

ನಾನು ಅಮ್ಮನ ಕ್ಯಾಸೆಟ್ಟನ್ನು ತಿರುಗಿಸಿ ಹಾಕಿ, ಎರಡು ಗುಂಡಿ ಒಟ್ಟಿಗೆ ಒತ್ತಿ, ಟೇಪನ್ನು ಅವನ ಕಡೆ ತಳ್ಳಿದೆ. ಅವರನ್ನು ಏನೆಂದು ಕರೆಯಬೇಕು ಎಂದು ಪಿಸುಮಾತಿನಲ್ಲಿ ಕೇಳಿದ. ಹೇಳಿಕೊಟ್ಟೆ. ಆ ಎತ್ತರದ ಮನುಷ್ಯ ಮೇಜಿನ ಮೇಲೆ ಬಾಗಿ, ಗಂಟಲು ಸರಿಮಾಡಿ, "ಅಪ್ಪೆ" ಎಂದ. ಆಮೇಲೆ ತನ್ನ ಭಾಷೆಯಲ್ಲಿ ಮಾತಾಡಿದ. ಏನೆಂದು ನನಗೆ ತಿಳಿಯಲಿಲ್ಲ. ಮೂಲ್ಕಿಯಲ್ಲಿ ಅಮ್ಮ ಕೊನೆಯವರೆಗೂ ಕೇಳುತ್ತಾಳೆಂದು ಗೊತ್ತಿತ್ತು, ಹಾಗಾಗಿ ಆ ಬದಿ ಪೂರ್ತಿ ಮುಗಿಯುವವರೆಗೆ ನಾನು ಗುಂಡಿ ಮುಟ್ಟಲಿಲ್ಲ.